ಲೋಲಾ ಪಾತಿಸ್ ಕೇಳಿದರು: ಫಿಲಿಪಿನೋ ಮನೆಯೂಟ, ಹೊಸ ಕಾಲದ ಹೋಟೆಲ್ ಊಟ

ಮಕಾತಿ_ಮಲೆನಾಡತಿ

ಎಲ್ಲರಿಗೂ ನಮಸ್ಕಾರ. ನಾನು ತೀರ್ಥಹಳ್ಳಿ ಕಡೆಯವಳು. ಐದು ವರ್ಷದಿಂದ ಮನಿಲಾದ ಮಕಾತಿಯಲ್ಲಿದ್ದೇನೆ. ಹೋದ ಶನಿವಾರದ ಒಂದು ಊಟ ಮನಸ್ಸಿನಿಂದ ಹೋಗುತ್ತಿಲ್ಲ. ಇಲ್ಲಿ ಫಿಲಿಪಿನೋ ಅಡುಗೆ ಗೊತ್ತಿರುವವರು ಕೆಲವರಿದ್ದೀರಿ, ಅದಕ್ಕೇ ಬರೆಯುತ್ತಿದ್ದೇನೆ.

ಪಕ್ಕದ ಮನೆಯವರನ್ನು ನಾನು ಆತೆ ಅಂತ ಕರೆಯುತ್ತೇನೆ. ಇಲ್ಲಿ ಆತೆ ಅಂದರೆ ಅಕ್ಕ, ನಮ್ಮ ಅತ್ತೆ ಅಂದುಕೊಳ್ಳಬೇಡಿ. ಅವರ ತಾಯಿಯನ್ನು ಎಲ್ಲರೂ ಲೋಲಾ ಅನ್ನುತ್ತೇವೆ, ಅಜ್ಜಿ ಅಂತ ಅರ್ಥ. ನಾನು ಬಂದ ಹೊಸದರಲ್ಲಿ ಜ್ವರ ಬಂದು ಮಲಗಿದ್ದೆ. ಆಗ ಲೋಲಾ ಒಂದು ಪಾತ್ರೆ ಸಿಗಡಿ ಸಿನಿಗಾಂಗ್ ಮಾಡಿ ತಂದರು. ಹುಣಸೆ ಹಾಕಿದ ತಿಳಿ ಹುಳಿಸಾರು ಅದು. ಟೊಮೆಟೊ, ಈರುಳ್ಳಿ, ಮೂಲಂಗಿ, ಬದನೆ, ಅಲಸಂದೆ, ಎರಡು ಉದ್ದ ಹಸಿಮೆಣಸಿನಕಾಯಿ. ಕೊನೆಗೆ ಒಂದು ಹಿಡಿ ಸೊಪ್ಪು. ಬೇಳೆ ಇಲ್ಲ, ಪುಡಿ ಇಲ್ಲ, ಒಗ್ಗರಣೆ ಇಲ್ಲ. ಆದರೂ ಮೊದಲ ತುತ್ತಿಗೇ ಅಮ್ಮ ಮಾಡುವ ತಿಳಿಸಾರು ನೆನಪಾಗಿ ಕಣ್ಣು ತುಂಬಿತು. ಆವತ್ತಿನಿಂದ ಈ ಅಡುಗೆ ನನಗೆ ಪರದೇಶದ್ದು ಅನ್ನಿಸಿಲ್ಲ.

ಹೋದ ಶನಿವಾರ ಲೋಲಾಗೆ 82 ತುಂಬಿತು. ಒಂದು ಒಳ್ಳೆಯ ಊಟ ಕೊಡಿಸಬೇಕು ಅಂತ ನಾನೇ ಟೇಬಲ್ ಬುಕ್ ಮಾಡಿದೆ. ಹೆಸರು ಬೇಡ. ಹೊಸ ರೀತಿಯ ಫಿಲಿಪಿನೋ ಊಟ ಬಡಿಸುವ ಜಾಗ. ಒಂದಾದ ಮೇಲೆ ಒಂದು ಚಿಕ್ಕ ತಟ್ಟೆ ಬರುತ್ತದೆ, ಏಳು ಸುತ್ತು. ನಾಲ್ಕನೆಯದು ಸಿನಿಗಾಂಗ್. ಅಂಗೈಯಗಲದ ಬಟ್ಟಲಿನಲ್ಲಿ ಒಂದೇ ಒಂದು ಸಿಗಡಿ, ಟೊಮೆಟೊ ನೀರಿನ ಜೆಲ್ಲಿ, ಮೇಲೆ ಹುಣಸೆಯ ನೊರೆ. ಲೋಲಾ ಒಂದು ಚಮಚ ಬಾಯಿಗಿಟ್ಟರು. ಆಮೇಲೆ ಮೆಲ್ಲಗೆ, ಸ್ವಲ್ಪ ಪಾತಿಸ್ ಮತ್ತು ಕಲಮಾನ್ಸಿ ಸಿಗುತ್ತದಾ ಅಂತ ಕೇಳಿದರು. ಪಾತಿಸ್ ಅಂದರೆ ಮೀನಿನ ಉಪ್ಪುರಸ. ಕಲಮಾನ್ಸಿ ಇಲ್ಲಿಯ ಪುಟ್ಟ ನಿಂಬೆ.

ಬಡಿಸುತ್ತಿದ್ದ ಹುಡುಗ ತುಂಬಾ ನಯವಾಗಿಯೇ ಹೇಳಿದ: "ಇದರ ಹುಳಿ ಉಪ್ಪನ್ನು ನಮ್ಮ ಶೆಫ್ ಹದ ನೋಡಿ ಮಾಡಿದ್ದಾರೆ ಲೋಲಾ. ಹಾಗೇ ತಿಂದರೆ ಚೆನ್ನ." ಲೋಲಾ ನಕ್ಕು ಸರಿ ಅಂದರು. ಚಮಚ ಕೆಳಗಿಟ್ಟರು. ಮತ್ತೆ ಅದನ್ನು ಮುಟ್ಟಲಿಲ್ಲ.

ಅನ್ನ ಬಂದಿದ್ದು ಆರನೇ ಸುತ್ತಿನಲ್ಲಿ, ಎರಡು ಚಮಚ. ಮನೆಗೆ ಬಂದ ಮೇಲೆ ರಾತ್ರಿ ಹತ್ತೂವರೆಗೆ ಲೋಲಾ ಅನ್ನ ಬಿಸಿ ಮಾಡಿ, ಒಣಮೀನು ಹುರಿದುಕೊಂಡು ಊಟ ಮಾಡಿದರಂತೆ. ಮಾರನೇ ದಿನ ಆತೆ ಸುಮ್ನೆ ಮಾತಿನ ಮಧ್ಯೆ ಹೇಳಿದರು. ನನಗೆ ಹೊಟ್ಟೆಯೊಳಗೆ ಏನೋ ಕಿವುಚಿದ ಹಾಗಾಯಿತು.

ಹಾಗಂತ ಊಟ ಕೆಟ್ಟದಾಗಿತ್ತು ಅಂದರೆ ತಪ್ಪಾಗುತ್ತದೆ. ಅಲ್ಲಿ ತಿಂದ ಕಿನಿಲಾವ್ ನಾನು ತಿಂದದ್ದರಲ್ಲೇ ಚೆನ್ನಾಗಿತ್ತು. ತೆಂಗಿನ ವಿನೆಗರ್‌ನಲ್ಲಿ ಹಾಕಿದ ಹಸಿ ಮೀನು, ಶುಂಠಿ, ತೆಂಗಿನ ಹಾಲು. ಹಾಗಾದರೆ ತಪ್ಪಿದ್ದು ಎಲ್ಲಿ? ಈ ಹೊಸ ಹೋಟೆಲುಗಳು ಮನೆ ಅಡುಗೆಯನ್ನು ಮೇಲಕ್ಕೆ ಎತ್ತುತ್ತಿವೆಯಾ, ಅಥವಾ ಅದರಿಂದ ಏನಾದರೂ ಕಿತ್ತುಕೊಳ್ಳುತ್ತಿವೆಯಾ?

—

ದಾವಾವ್_ಡಾಕ್ಟ್ರು

ಅಕ್ಕಾ, ಓದಿ ಬೇಜಾರಾಯಿತು. ನಾನು ಫಿಲಿಪೀನ್ಸಿನ ದಾವಾವ್‌ನಲ್ಲಿ ಮೆಡಿಕಲ್ ಓದುತ್ತಿದ್ದೇನೆ, ಮೂಲ ಚಿತ್ರದುರ್ಗ. ನೀವು ಹೋದಂಥ ಜಾಗಕ್ಕೆ ನಾನು ಹೋಗಿಲ್ಲ. ನಮ್ಮದೆಲ್ಲ ಕರಿಂದೇರಿಯಾ. ಗಾಜಿನ ಹಿಂದೆ ಪಾತ್ರೆ ಸಾಲಾಗಿ ಇಟ್ಟಿರುತ್ತಾರೆ, ಬೆರಳು ತೋರಿಸಿದರೆ ಬಡಿಸುತ್ತಾರೆ. ಅದಕ್ಕೇ ತುರೋ-ತುರೋ ಅಂತಲೂ ಹೆಸರು, ತೋರಿಸು-ತೋರಿಸು ಅಂದ ಹಾಗೆ. 100 ಪೆಸೊ ಆಸುಪಾಸಿನಲ್ಲಿ ಅನ್ನ, ಒಂದು ಪಲ್ಯ, ಒಂದು ಸಾರು ಆಗಿಬಿಡುತ್ತದೆ. ನಮ್ಮ ದುಡ್ಡಲ್ಲಿ 150 ರೂಪಾಯಿ ಅಂದುಕೊಳ್ಳಿ. ಪ್ರತಿ ಟೇಬಲ್ ಮೇಲೂ ಪಾತಿಸ್, ಸೋಯಾ, ಮೆಣಸಿನಕಾಯಿ ಹಾಕಿದ ವಿನೆಗರ್ ಬಾಟಲಿ ಇರುತ್ತದೆ. ಯಾರನ್ನೂ ಕೇಳುವ ಪ್ರಮೇಯವೇ ಇಲ್ಲ.

—

ಕುಡ್ಲ_ಬಾಣಸಿಗ

ನಾನು ವೃತ್ತಿಯಿಂದ ಅಡುಗೆಯವನು. ಮಂಗಳೂರು. ಹನ್ನೊಂದು ವರ್ಷ ಹಡಗಿನ ಅಡುಗೆಮನೆಯಲ್ಲಿ ದುಡಿದೆ. ಹಡಗು ಅಂದ ಮೇಲೆ ಫಿಲಿಪಿನೋ ಸಹೋದ್ಯೋಗಿಗಳು ಇದ್ದೇ ಇರುತ್ತಾರೆ. ನನ್ನ ಕೈ ಪಳಗಿದ್ದೇ ಅವರ ಜೊತೆಗೆ.

ಮೇಡಂ, ಲೋಲಾ ವಿಷಯದಲ್ಲಿ ಆ ಹುಡುಗ ಮಾಡಿದ್ದು ತಪ್ಪು. 82 ವರ್ಷದವರು ಕೇಳಿದರೆ ಓಡಿ ಹೋಗಿ ತಂದುಕೊಡಬೇಕು. ಅಲ್ಲಿಗೆ ಆ ಮಾತು ಮುಗಿಯಿತು.

ಆದರೆ ಅಡುಗೆಯವರ ಪರವಾಗಿಯೂ ಒಂದು ಮಾತು ಹೇಳಲೇಬೇಕು. ಫಿಲಿಪಿನೋ ಅಡುಗೆಯನ್ನು ಜಗತ್ತು ಎಷ್ಟು ವರ್ಷ ಕಡೆಗಣಿಸಿತು ಅಂತ ನಾನು ಕಣ್ಣಾರೆ ಕಂಡಿದ್ದೇನೆ. ಹಡಗಿನಲ್ಲಿ ಪ್ರಯಾಣಿಕರ ಮೆನುವಿನಲ್ಲಿ ಇಟಲಿ, ಫ್ರಾನ್ಸ್, ಜಪಾನ್, ಥಾಯ್ ಎಲ್ಲ ಇರುತ್ತಿತ್ತು. ಅಡುಗೆ ಮಾಡುವವರಲ್ಲಿ ಅರ್ಧ ಜನ ಫಿಲಿಪೀನ್ಸಿನವರು. ಅವರ ಊಟ ಮಾತ್ರ ಕೆಳಗೆ ಸಿಬ್ಬಂದಿಯ ಮೆಸ್ಸಿನಲ್ಲಿ. ಇದು ಮನೆಯೂಟ, ಇದಕ್ಕೆ ಯಾರು ದುಡ್ಡು ಕೊಡುತ್ತಾರೆ ಅಂತ ಅವರೇ ಹೇಳುತ್ತಿದ್ದರು. ಇವತ್ತು ಅದೇ ಊಟಕ್ಕೆ ಜನ ತಿಂಗಳ ಮುಂಚೆ ಬುಕ್ ಮಾಡುತ್ತಾರೆ. 2025ರ ಅಕ್ಟೋಬರ್ ಕೊನೆಗೆ, ಒಳ್ಳೆಯ ಹೋಟೆಲುಗಳಿಗೆ ಸ್ಟಾರ್ ಕೊಡುವ ಮಿಶೆಲಿನ್ ಗೈಡ್ ಮೊದಲ ಸಲ ಫಿಲಿಪೀನ್ಸಿನ ಪಟ್ಟಿ ಬಿಡುಗಡೆ ಮಾಡಿತು. ಮನಿಲಾದ ಹೆಲ್ಮ್‌ಗೆ ಎರಡು ಸ್ಟಾರ್, ಇನ್ನೂ ಎಂಟು ಜಾಗಗಳಿಗೆ ಒಂದೊಂದು. ಆ ದಿನ ನನ್ನ ಹಳೆಯ ಹಡಗಿನ ಗೆಳೆಯರ ಗುಂಪಿನಲ್ಲಿ ಬೆಳಗಿನ ತನಕ ಮೆಸೇಜ್ ನಿಲ್ಲಲಿಲ್ಲ. ಒಬ್ಬ ಅತ್ತುಕೊಂಡೇ ಧ್ವನಿ ಸಂದೇಶ ಕಳಿಸಿದ್ದ.

ಒಂದು ಉದಾಹರಣೆ ಕೊಡುತ್ತೇನೆ. ಆ ಎಂಟರಲ್ಲಿ ತೋಯೋ ಈಟರಿ ಒಂದು. ಮಕಾತಿಯಲ್ಲೇ ಇದೆ, ಶೆಫ್ ಜೋರ್ಡಿ ನವಾರಾ ಅವರದ್ದು. ಅಲ್ಲಿ ಬಾಹಾಯ್ ಕುಬೋ ಅನ್ನುವ ಒಂದು ತಿನಿಸಿದೆ. ಅದು ಅಲ್ಲಿಯ ಮಕ್ಕಳ ಪದ್ಯದ ಹೆಸರು. ಹುಲ್ಲಿನ ಗುಡಿಸಲು ಚಿಕ್ಕದಾದರೂ ಸುತ್ತ ಎಂಥೆಂಥ ಗಿಡ ಅಂತ ಹೇಳುವ ಪದ್ಯ. ಅದರಲ್ಲಿ 18 ತರಕಾರಿ ಕಾಳುಗಳ ಹೆಸರು ಬರುತ್ತದೆ. ಆ 18ನ್ನೂ ಸೇರಿಸಿ ಒಂದು ತಟ್ಟೆ ಮಾಡಿದ್ದಾರೆ. ನಾನು ತಿನ್ನುವಾಗ ಒಂದೊಂದೇ ಹೆಸರು ಕೇಳಿ ಕನ್ನಡದಲ್ಲಿ ಬರೆದುಕೊಂಡೆ. ಬದನೆ, ನೆಲಗಡಲೆ, ಅಲಸಂದೆ, ಬೂದುಗುಂಬಳ, ಹೀರೆ, ಸೋರೆ, ಸಿಹಿಗುಂಬಳ, ಮೂಲಂಗಿ, ಸಾಸಿವೆ, ಈರುಳ್ಳಿ, ಟೊಮೆಟೊ, ಬೆಳ್ಳುಳ್ಳಿ, ಶುಂಠಿ, ಎಳ್ಳು. ಮತ್ತೆ ಬತಾವ್ ಅಂತ ಒಂದು. ಅದು ಏನು ಗೊತ್ತಾ? ನಮ್ಮ ಅವರೆ! ಅಡುಗೆಯವರು ಆ ಪದ್ಯ ಕೈಗೆತ್ತಿಕೊಂಡಿದ್ದರಿಂದ ಆ ಎಲ್ಲ ಗಿಡಗಳೂ ಒಟ್ಟಿಗೆ ಒಂದು ತಟ್ಟೆಗೆ ಬಂದವು. ಪಟ್ಟಣದ ಯಾವ ಮನೆಯಲ್ಲಿ ಒಂದೇ ಹೊತ್ತಿಗೆ 18 ಬಗೆ ತರುತ್ತಾರೆ ಹೇಳಿ?

—

ಸತ್ವಾ_ಸಂಗಾತಿ

ದುಬೈನಿಂದ. ನಾನಿರುವ ಸತ್ವಾದಲ್ಲಿ ಫಿಲಿಪಿನೋ ಜನ ಜಾಸ್ತಿ. ನಮ್ಮ ಫ್ಲ್ಯಾಟಿನಲ್ಲಿ ಮೂರು ಕೋಣೆ, ಒಂದೇ ಅಡುಗೆಮನೆ. ಪಕ್ಕದ ಕೋಣೆಯ ಅಕ್ಕ ನರ್ಸ್. ಅವರಿಂದ ನಾನು ಅಡೋಬೋ ಕಲಿತೆ. ವಿನೆಗರ್, ಸೋಯಾ, ಜಜ್ಜಿದ ಬೆಳ್ಳುಳ್ಳಿ, ಕಾಳುಮೆಣಸು, ಪಲಾವ್ ಎಲೆ, ಕೋಳಿ. ಅಷ್ಟೇ. ಒಂದೇ ಒಂದು ಕಟ್ಟುನಿಟ್ಟು: ವಿನೆಗರ್ ಹಾಕಿದ ಮೇಲೆ ಕುದಿ ಬರುವ ತನಕ ಸೌಟು ಆಡಿಸಬಾರದು. ಆಡಿಸಿದರೆ ಹಸಿ ಘಾಟು ಹಾಗೇ ಉಳಿಯುತ್ತದೆ ಅಂತಾರೆ. ಮೊದಲ ಸಲ ನಾನು ಸೌಟು ಹಾಕಲು ಹೋದಾಗ ಕೈ ಹಿಡಿದು ನಿಲ್ಲಿಸಿದ್ದರು.

ಮನೆಯೂಟ ಅಂತ ಎಲ್ಲರೂ ಹೇಳುತ್ತೇವೆ. ಆದರೆ ಯಾರ ಮನೆ ಅಂತಲೂ ಕೇಳಬೇಕು. ಆ ಅಕ್ಕನ ಇಬ್ಬರು ಮಕ್ಕಳು ಊರಲ್ಲಿ ಅಜ್ಜಿಯ ಹತ್ತಿರ ಬೆಳೆಯುತ್ತಿದ್ದಾರೆ. ಶುಕ್ರವಾರ ಮಧ್ಯಾಹ್ನ ಇವರು ಇಲ್ಲಿ ಸಿನಿಗಾಂಗ್ ಮಾಡಿಕೊಂಡು ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ ಇಡುತ್ತಾರೆ. ಅಲ್ಲಿ ಮಕ್ಕಳು ಸಂಜೆಯ ಊಟಕ್ಕೆ ಕೂತಿರುತ್ತಾರೆ. ವಿಡಿಯೋದಲ್ಲೇ ಒಟ್ಟಿಗೆ ಉಣ್ಣುತ್ತಾರೆ. ಚಿಕ್ಕವನು ಪ್ರತಿ ಸಲವೂ "ಅಮ್ಮ, ನಿಂದು ಹುಳಿ ಇದೆಯಾ?" ಅಂತ ಕೇಳುತ್ತಾನೆ.

ಇವರು ಹಾಕುವುದು ಪ್ಯಾಕೆಟ್ ಪುಡಿ. ಹುಣಸೆ ಪುಡಿ, ಉಪ್ಪು, ರುಚಿಪುಡಿ ಎಲ್ಲ ಸೇರಿದ್ದು. ಹನ್ನೆರಡು ಗಂಟೆ ಡ್ಯೂಟಿ ಮುಗಿಸಿ ಬಂದವರು ಹುಣಸೆ ಬೇಯಿಸಿ ಕಿವುಚಲು ಹೋಗುತ್ತಾರಾ?

—

ಮಕಾತಿ_ಮಲೆನಾಡತಿ

ಸತ್ವಾ ಅವರೇ, ಸಕ್ಕರೆ ಡಬ್ಬಿಯ ಮಾತು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ನಿಜ ಹೇಳಬೇಕು ಅಂದರೆ ಆತೆ ಕೂಡ ಪ್ಯಾಕೆಟ್ ಪುಡಿಯೇ ಹಾಕುವುದು. ಅವರು ಕೆಲಸದಿಂದ ಬರುವುದು ರಾತ್ರಿ ಎಂಟಕ್ಕೆ. ನಾನು ಅದನ್ನು ಯೋಚನೆಯೇ ಮಾಡಿರಲಿಲ್ಲ. ನಾನು ಮನೆಯ ರುಚಿ ಅಂತ ಹಚ್ಚಿಕೊಂಡಿದ್ದು ಬಹಳ ಸಲ ಪ್ಯಾಕೆಟ್ಟಿನದ್ದು. ಆ ಹೋಟೆಲಿನಲ್ಲಿ ಹಸಿ ಹುಣಸೆಕಾಯಿ ಬೇಯಿಸಿ, ಬಟ್ಟೆಯಲ್ಲಿ ಸೋಸಿ ರಸ ತೆಗೆಯುತ್ತಾರೆ ಅಂತ ಅವರೇ ವಿವರಿಸಿದ್ದರು.

—

ಕುಡ್ಲ_ಬಾಣಸಿಗ

ನಾನು ಹೇಳಬೇಕೆಂದಿದ್ದೂ ಅದೇ. ಹಳೆಯ ಪದ್ಧತಿ ಈಗ ಎಷ್ಟೋ ಕಡೆ ಹೋಟೆಲ್ ಅಡುಗೆಮನೆಯಲ್ಲಿದೆ, ಪ್ಯಾಕೆಟ್ ಮನೆಯಲ್ಲಿದೆ. ನಮ್ಮಲ್ಲೂ ಹಾಗೇ ಆಯ್ತು ಅಲ್ವಾ? ಸಾರಿನ ಪುಡಿ ಕುಟ್ಟುವ ಮನೆ ಎಷ್ಟು ಉಳಿದಿವೆ? ಇದನ್ನು ದೂರು ಅಂತ ಹೇಳುತ್ತಿಲ್ಲ. ದುಡಿಯುವ ಹೆಂಗಸರಿಗೆ ಅದು ಎಷ್ಟು ದೊಡ್ಡ ಆಸರೆ ಅಂತ ಗೊತ್ತು.

ಇನ್ನೊಂದು. ಸಿನಿಗಾಂಗ್‌ಗೆ ಹುಣಸೆ ಒಂದೇ ಹುಳಿ ಅಲ್ಲ. ಕಮಿಯಾಸ್ ಹಾಕುತ್ತಾರೆ, ಅದು ನಮ್ಮ ಬಿಂಬುಳಿಯೇ. ಮಾವಿನಕಾಯಿ ಹಾಕುತ್ತಾರೆ. ಹಣ್ಣು ಸೀಬೆ ಹಾಕಿದ ಸಿನಿಗಾಂಗ್ ಬೇರೆಯೇ ಒಂದು ಪರಿಮಳ. ವಿಸಾಯಾಸ್ ದ್ವೀಪಗಳ ಕಡೆ ಬಟುವಾನ್ ಅಂತ ಒಂದು ಕಾಯಿ, ನಮ್ಮ ಪುನರ್ಪುಳಿಯ ದಾಯಾದಿ. ಪ್ಯಾಕೆಟ್ ಬಂದ ಮೇಲೆ ಎಲ್ಲ ಊರಿನ ಹುಳಿಯೂ ಒಂದೇ ಆಗುತ್ತಾ ಹೋಯಿತು. ಅದನ್ನು ಹುಡುಕಿ ತಂದು ಬಡಿಸುತ್ತಿರುವವರಲ್ಲಿ ಈ ಹೊಸ ಶೆಫ್‌ಗಳು ಮುಂದಿದ್ದಾರೆ.

—

ಮೈಸೂರು_ಇಲೊಯಿಲೊ

ಈ ಚರ್ಚೆ ನೋಡಿ ಖುಷಿಯಾಯಿತು. ನನ್ನ ಹೆಂಡತಿ ಫಿಲಿಪೀನ್ಸಿನ ಇಲೊಯಿಲೊದವರು. ಸಿಂಗಪುರದಲ್ಲಿ ಪರಿಚಯ ಆಗಿ ಮದುವೆ ಆಯ್ತು, ಈಗ ಏಳು ವರ್ಷದಿಂದ ಮೈಸೂರಿನಲ್ಲಿದ್ದೇವೆ. ನಾನು ಓದಿ ಹೇಳುತ್ತಿದ್ದೇನೆ, ಅವರು ಪಕ್ಕದಲ್ಲಿ ಕೂತು ಉತ್ತರ ಹೇಳುತ್ತಿದ್ದಾರೆ.

ಬಟುವಾನ್ ಅಂದ ಕೂಡಲೇ ಅವರ ಮುಖ ಅರಳಿತು. ಅವರ ಊರಿನ ಹೆಸರುವಾಸಿ ಅಡುಗೆ ಕೆಬಿಎಲ್. ಕಾದ್ಯೋಸ್, ಬಾಬೊಯ್, ಲಾಂಗ್ಕಾ. ತೊಗರಿಕಾಳು, ಹಂದಿ ಮಾಂಸ, ಎಳೆ ಹಲಸು. ಹುಳಿಗೆ ಬಟುವಾನ್. ಮೈಸೂರಿನ ಮನೆಯಲ್ಲಿ ಹಂದಿ ಬಿಟ್ಟು ಮಾಡುತ್ತಾರೆ. ಎಳೆ ಹಲಸು ದೇವರಾಜ ಮಾರುಕಟ್ಟೆಯದು. ಬಟುವಾನ್ ಬದಲು ಶಿರಸಿಯಿಂದ ತರಿಸಿದ ಉಪ್ಪಾಗೆ ಸಿಪ್ಪೆ. ಮೊದಲ ಸಲ ಮಾಡಿದಾಗ ನಮ್ಮಮ್ಮ ಪಾತ್ರೆ ಮುಚ್ಚಳ ತೆಗೆದು ಮೂಸಿ, "ಇದು ಹಲಸಿನಕಾಯಿ ಹುಳಿ ಕಣೋ, ತೆಂಗಿನಕಾಯಿ ರುಬ್ಬಿ ಹಾಕೋಕೆ ಮರೆತಿದ್ದಾಳೆ" ಅಂದರು. ಅವತ್ತಿನಿಂದ ಅತ್ತೆ ಸೊಸೆ ಇಬ್ಬರಿಗೂ ಅಡುಗೆಮನೆಯಲ್ಲಿ ಮಾತಿಗೆ ಬರವಿಲ್ಲ. ಒಬ್ಬರಿಗೆ ಕನ್ನಡ ಅರ್ಧ ಬರುತ್ತದೆ, ಇನ್ನೊಬ್ಬರಿಗೆ ಇಂಗ್ಲಿಷ್ ಬರುವುದೇ ಇಲ್ಲ.

2023ರಲ್ಲಿ ಯುನೆಸ್ಕೋ ಇಲೊಯಿಲೊ ನಗರವನ್ನು ಅಡುಗೆಯ ಸೃಜನಶೀಲ ನಗರ ಅಂತ ಆರಿಸಿತು. ಫಿಲಿಪೀನ್ಸಿನಲ್ಲಿ ಆ ಮನ್ನಣೆ ಸಿಕ್ಕ ಮೊದಲ ಊರು ಅದೇ. ಆಮೇಲೆ ನಾವು ಊರಿಗೆ ಹೋದಾಗ ಅಲ್ಲಿಯ ಒಂದು ಹೊಸ ಹೋಟೆಲಿನಲ್ಲಿ ಕೆಬಿಎಲ್ ತಿಂದೆವು. ಹಲಸನ್ನು ಕೆಂಡದಲ್ಲಿ ಸುಟ್ಟು, ತೊಗರಿಯನ್ನು ನುಣ್ಣಗೆ ಅರೆದು ಕೆಳಗೆ ಹರಡಿದ್ದರು. ಹೆಂಡತಿ ಹೇಳುವುದು ಇಷ್ಟು: "ರುಚಿ ನಮ್ಮದೇ. ಆದರೆ ನಾನು ತಟ್ಟೆಯಲ್ಲಿ ಎಲ್ಲ ಕಲಸಿ ಅನ್ನಕ್ಕೆ ಸಾರು ಸುರಿದುಕೊಳ್ಳುವ ಹಾಗಿರಲಿಲ್ಲ. ನನ್ನ ಕೈಗೆ ಕೆಲಸವೇ ಇರಲಿಲ್ಲ."

—

ಹುಬ್ಬಳ್ಳಿ_ಓದುಗ

ಮೈಸೂರಿನ ತಂಗಿ ಹೇಳಿದ ಕೊನೆಯ ಮಾತು ಬಹಳ ದೊಡ್ಡದು. ನಾನು ಫಿಲಿಪೀನ್ಸ್ ನೋಡಿಲ್ಲ. ಆ ಭಾಗದ ಇತಿಹಾಸ ಓದುವ ಹವ್ಯಾಸ ಇದೆ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಫಿಲಿಪಿನೋ ಊಟದಲ್ಲಿ ಸಾವ್‌ಸಾವನ್ ಅಂತ ಒಂದಿದೆ. ಅದ್ದಿಕೊಳ್ಳುವ ರಸಗಳು. ವಿನೆಗರ್, ಪಾತಿಸ್, ಸೋಯಾ, ಕಲಮಾನ್ಸಿ, ಮೆಣಸಿನಕಾಯಿ, ಬಗೂಂಗ್ ಎನ್ನುವ ಹುದುಗಿಸಿದ ಸಿಗಡಿ. ಇವನ್ನು ಅವರವರು ಬೇಕಾದ ಹಾಗೆ ಬೆರೆಸಿಕೊಳ್ಳುತ್ತಾರೆ. 2002ರಲ್ಲಿ ತೀರಿಕೊಂಡ ಡೊರೀನ್ ಫರ್ನಾಂಡೆಸ್ ಆ ದೇಶದ ಅಡುಗೆಯ ಬಗ್ಗೆ ಬರೆದವರಲ್ಲಿ ಬಹಳ ದೊಡ್ಡ ಹೆಸರು. ಅವರು ಈ ಬಟ್ಟಲುಗಳನ್ನು ತುಂಬಾ ಗಂಭೀರವಾಗಿ ನೋಡಿದರು. ಅಡುಗೆಯವರು ಒಲೆ ಆರಿಸಿದ ಮೇಲೂ ಅಡುಗೆ ಮುಗಿದಿರುವುದಿಲ್ಲ, ಉಣ್ಣುವವರು ಅದ್ದಿಕೊಂಡು ಅದನ್ನು ಮುಗಿಸುತ್ತಾರೆ ಎನ್ನುವುದು ಅವರ ತಿಳುವಳಿಕೆ. ಬಾಣಸಿಗ ಮತ್ತು ಉಣ್ಣುವವರು ಇಬ್ಬರೂ ಅಲ್ಲಿ ಅಡುಗೆಯ ಪಾಲುದಾರರು. ಹಾಗೆ ಅದ್ದಿಕೊಂಡರೆ ಅಡುಗೆ ಮಾಡಿದವರಿಗೆ ಅವಮಾನ ಅಂತ ಯಾರೂ ಅಂದುಕೊಳ್ಳುವುದಿಲ್ಲ.

ನಮ್ಮ ಎಲೆ ಊಟ ನೆನಪು ಮಾಡಿಕೊಳ್ಳಿ. ಮೊದಲು ಉಪ್ಪು ಎಲೆಯ ತುದಿಗೆ ಬೀಳುತ್ತದೆ. ಆಮೇಲೆ ಉಪ್ಪಿನಕಾಯಿ. ಬೇಕಾದವರು ಬೇಕಾದಷ್ಟು ತೆಗೆದುಕೊಳ್ಳಲಿ ಅಂತಲೇ ಅಲ್ಲವೇ? ಹತ್ತಿರದ ನಂಟರ ಮನೆಯಲ್ಲಿ "ಉಪ್ಪು ಮುಂದಿದೆ, ನೋಡಿಕೊಂಡು ಹಾಕಿಕೊಳ್ಳಿ" ಅನ್ನುತ್ತಾರೆ.

ಅದಕ್ಕೇ ನನಗನ್ನಿಸುವುದು, ಲೋಲಾ ಅವರ ಬಟ್ಟಲಿನಲ್ಲಿ ನೊರೆ ಇದ್ದದ್ದಾಗಲಿ ಜೆಲ್ಲಿ ಇದ್ದದ್ದಾಗಲಿ ತೊಂದರೆ ಆಗಲಿಲ್ಲ. ಕೊನೆಯ ಹದ ಮಾಡಿಕೊಳ್ಳುವ ಹಕ್ಕು ಅವರ ಕೈಯಿಂದ ಹೋಯಿತು. 82 ವರ್ಷ ಆ ಹದ ತಾವೇ ಮಾಡಿಕೊಂಡವರು ಅವರು.

ಇನ್ನು ಅಸಲಿ ಯಾವುದು ಎನ್ನುವ ಪ್ರಶ್ನೆ. 2021ರಲ್ಲಿ ಅಲ್ಲಿಯ ವಾಣಿಜ್ಯ ಇಲಾಖೆ ಅಡೋಬೋಗೆ ಒಂದು ಪ್ರಮಾಣಿತ ವಿಧಾನ ಗೊತ್ತು ಮಾಡುತ್ತೇವೆ ಅಂದಿತು. ಜನ ಸಿಟ್ಟಾದರು. ನನ್ನ ಅಮ್ಮನ ಅಡೋಬೋ ಸರಿ ಇಲ್ಲ ಅನ್ನಲು ನೀವ್ಯಾರು ಅಂತ ಮನೆ ಮನೆಯಲ್ಲೂ ಮಾತಾಯಿತು. ಕಡೆಗೆ ಇಲಾಖೆಯೇ ಇದು ಹೊರದೇಶಕ್ಕೆ ಪರಿಚಯಿಸಲು ಮಾತ್ರ, ಯಾರ ಮನೆಗೂ ಕಡ್ಡಾಯ ಇಲ್ಲ ಅಂತ ಸ್ಪಷ್ಟನೆ ಕೊಟ್ಟಿತು. ಅಡೋಬೋ ಎನ್ನುವ ಹೆಸರು ಸ್ಪ್ಯಾನಿಷ್. ವಿನೆಗರ್‌ನಲ್ಲಿ ಮಾಂಸ ಬೇಯಿಸುವ ಪದ್ಧತಿ ಅಲ್ಲಿಯವರದೇ. 1613ರಲ್ಲಿ ಬಂದ, ಅಲ್ಲಿಯ ತಗಲಾಗ್ ಭಾಷೆಯ ನಿಘಂಟಿನಲ್ಲಿ ಸ್ಪೇನಿನ ಪಾದ್ರಿ ಇದನ್ನು 'ಇಲ್ಲಿಯವರ ಅಡೋಬೋ' ಎಂಬ ಅರ್ಥದಲ್ಲಿ ಬರೆದಿಟ್ಟಿದ್ದಾನೆ. ಹೆಸರು ಒಬ್ಬರದು, ಕೈ ಇನ್ನೊಬ್ಬರದು.

—

ದಾವಾವ್_ಡಾಕ್ಟ್ರು

ಸರ್, ಕಾರೆ-ಕಾರೆ ಅನ್ನುವ ಅಡುಗೆ ನಮ್ಮ ಕಡೆಯಿಂದ ಹೋಗಿದ್ದು ಅಂತ ಇಲ್ಲಿ ಹೇಳುತ್ತಾರೆ, ಹೌದಾ?

—

ಹುಬ್ಬಳ್ಳಿ_ಓದುಗ

1762ರಿಂದ 1764ರ ತನಕ ಬ್ರಿಟಿಷರು ಮನಿಲಾ ಹಿಡಿದಿದ್ದರು. ಮದ್ರಾಸಿನಿಂದ ಕರೆದೊಯ್ದ ಸಿಪಾಯಿಗಳಲ್ಲಿ ಕೆಲವರು ವಾಪಸ್ ಬರದೆ ಮನಿಲಾ ಪಕ್ಕದ ಕಾಯಿಂತಾ ಊರಿನಲ್ಲಿ ನೆಲೆ ನಿಂತರು. ಅವರ ಕರಿಯೇ ಕಾರೆ-ಕಾರೆ ಆಯಿತು ಅಂತ ಒಂದು ಗುಂಪು. ಅದು ಪಂಪಂಗಾ ಪ್ರಾಂತ್ಯದ್ದು ಅಂತ ಇನ್ನೊಂದು ಗುಂಪು. ಕಡಲೆಬೀಜದ ಗೊಜ್ಜಿನಲ್ಲಿ ಎತ್ತಿನ ಬಾಲ, ಪಕ್ಕದಲ್ಲಿ ಬಗೂಂಗ್. ಗೊಜ್ಜಿಗೆ ಉಪ್ಪು ಕಡಿಮೆಯೇ ಇರುತ್ತದೆ, ಬಗೂಂಗ್ ಸೇರಿದಾಗಲೇ ಅದು ಪೂರ್ತಿ ಆಗುವುದು. ನಾನು ಮೇಲೆ ಹೇಳಿದ್ದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ.

—

ಸಸ್ಯಾಹಾರಿ_ಶಿವಮೊಗ್ಗ

ಮುಂದಿನ ತಿಂಗಳು ಸೆಬುಗೆ ಕೆಲಸದ ಮೇಲೆ ಹೋಗಬೇಕು. ಶುದ್ಧ ಸಸ್ಯಾಹಾರಿ. ಏನು ತಿನ್ನಲಿ?

—

ದಾವಾವ್_ಡಾಕ್ಟ್ರು

ಎಚ್ಚರ ಬೇಕು ಸರ್. ಪಿನಕ್ಬೆಟ್‌ನಲ್ಲಿ ಹಾಗಲ, ಬದನೆ, ಬೆಂಡೆ, ಕುಂಬಳ ಎಲ್ಲ ಕಾಣುತ್ತದೆ, ಆದರೆ ಬಗೂಂಗ್ ಇರುತ್ತದೆ. ಶುಕ್ರವಾರ ಎಲ್ಲ ಕಡೆ ಹೆಸರುಕಾಳಿನ ಮೊಂಗ್ಗೋ ಮಾಡುತ್ತಾರೆ. ಕ್ರೈಸ್ತರು ಆ ದಿನ ಮಾಂಸ ಬಿಡುವ ಪದ್ಧತಿಯಿಂದ ಬಂದಿದ್ದು. ಆದರೆ ಅದರಲ್ಲೂ ಸಣ್ಣ ಸಿಗಡಿಯೋ ಒಣಮೀನೋ ಹಾಕಿರುತ್ತಾರೆ. ಕೇಳಿ ಮಾಡಿಸಿಕೊಳ್ಳಿ. ಬೆಳಿಗ್ಗೆ ಸಿನಾಂಗಾಗ್ ತಿನ್ನಿ. ರಾತ್ರಿ ಉಳಿದ ಅನ್ನಕ್ಕೆ ಬೆಳ್ಳುಳ್ಳಿ ಹುರಿದು ಹಾಕುವುದು, ನಮ್ಮ ಚಿತ್ರಾನ್ನದ ಬುದ್ಧಿಯೇ. ಅಕ್ಕಿಯ ಪುತೋ, ಬಾಳೆಲೆಯಲ್ಲಿ ಸುತ್ತಿದ ಸುಮಾನ್ ಇವೆಲ್ಲ ಧೈರ್ಯವಾಗಿ ಕೇಳಬಹುದು. ಪುತೋಗೆ ಕೆಲವರು ಮೊಟ್ಟೆ ಹಾಕುತ್ತಾರೆ, ವಿಚಾರಿಸಿ.

—

ಮೈಸೂರು_ಇಲೊಯಿಲೊ

ಶಿವಮೊಗ್ಗದವರಿಗೆ ನನ್ನ ಹೆಂಡತಿಯ ಸಲಹೆ: ಕೆಸುವಿನ ಎಲೆಯ ಲಾಯಿಂಗ್ ನೋಡಿ ಪತ್ರೊಡೆ ನೆನಪಾಗಿ ಮುಟ್ಟಿಬಿಡಬೇಡಿ. ಬಿಕೋಲ್ ಕಡೆಯ ಅಡುಗೆ ಅದು. ತೆಂಗಿನ ಹಾಲಿನ ಜೊತೆ ಸಾಮಾನ್ಯವಾಗಿ ಹಂದಿ ಅಥವಾ ಒಣಮೀನು ಇರುತ್ತದೆ. ಬಿಟ್ಟು ಮಾಡಿಸಿದರೆ ಅದರಷ್ಟು ಚೆನ್ನಾದದ್ದು ಇಲ್ಲ. ನಮ್ಮ ಮನೆಯಲ್ಲಿ ಒಣಗಿಸಿದ ಕೆಸುವಿನ ಎಲೆಯಲ್ಲೇ ಮಾಡುತ್ತಾರೆ. ಹಸಿ ಎಲೆ ಗಂಟಲು ತುರಿಸುತ್ತದೆ ಅನ್ನುವ ಭಯ ಎರಡೂ ದೇಶದಲ್ಲಿ ಒಂದೇ.

—

ಶಿಕಾಗೋ_ಶಿರಸಿ

ಹೊರದೇಶದ ಮಾತೂ ಒಂದಿಷ್ಟು ಸೇರಿಸುತ್ತೇನೆ. ನಮ್ಮ ಶಿಕಾಗೋದ ಕಸಾಮಾ 2022ರಲ್ಲಿ ಮಿಶೆಲಿನ್ ಸ್ಟಾರ್ ಪಡೆಯಿತು. ಫಿಲಿಪಿನೋ ಹೋಟೆಲ್ ಒಂದಕ್ಕೆ ಅದು ಸಿಕ್ಕಿದ್ದು ಜಗತ್ತಿನಲ್ಲೇ ಮೊದಲು. ಗಂಡ ಹೆಂಡತಿ ಇಬ್ಬರೇ ಸೇರಿ ಶುರು ಮಾಡಿದ ಜಾಗ. ಹಗಲು ಬೇಕರಿ ಮತ್ತು ತಿಂಡಿ, ರಾತ್ರಿ ಸುತ್ತುಗಳ ಊಟ. ಹಗಲಿನ ಸಾಲು ಬೀದಿ ತುದಿಯ ತನಕ ಇರುತ್ತದೆ.

ನನ್ನ ಆಫೀಸಿನ ಗೆಳತಿ ಇಲ್ಲೇ ಹುಟ್ಟಿದವಳು, ತಂದೆ ತಾಯಿ ಪಂಪಂಗಾದವರು. ಶಾಲೆಯಲ್ಲಿ ಡಬ್ಬಿ ತೆಗೆದರೆ ಬಗೂಂಗ್ ವಾಸನೆಗೆ ಮಕ್ಕಳು ಮೂಗು ಮುಚ್ಚುತ್ತಿದ್ದರಂತೆ. ಆಮೇಲೆ ಅವಳು ಡಬ್ಬಿ ಒಯ್ಯುವುದನ್ನೇ ಬಿಟ್ಟಳು. ನಾವಿಬ್ಬರೂ ಆ ಸಾಲಿನಲ್ಲಿ ಒಂದೂವರೆ ಗಂಟೆ ನಿಂತೆವು. ಚಳಿ. ಒಳಗೆ ಬೆಳ್ಳುಳ್ಳಿ ಅನ್ನ, ಮೊಟ್ಟೆ, ಲಾಂಗನೀಸಾ ಅನ್ನುವ ಸಿಹಿ ಸಾಸೇಜ್. ಅವಳು ತಿನ್ನುತ್ತಾ ತಿನ್ನುತ್ತಾ ಸುತ್ತಲ ಟೇಬಲ್ ನೋಡಿದಳು. "ಇವರೆಲ್ಲ ನಮ್ಮಮ್ಮನ ತಿಂಡಿಗೆ ಸಾಲು ನಿಂತಿದ್ದಾರೆ" ಅಂದಳು. ಅವಳ ಮುಖದ ಮೇಲಿದ್ದ ಸಂತೋಷವನ್ನು ಅಡುಗೆಮನೆಯ ಯಾವ ಸಿನಿಗಾಂಗೂ ಕೊಡಲು ಸಾಧ್ಯ ಇರಲಿಲ್ಲ. ಅದಕ್ಕೆ ಬೀದಿಯಲ್ಲಿ ಸಾಲೇ ಬೇಕಿತ್ತು. ಹಾಗಾಗಿ ಈ ಹೋಟೆಲುಗಳನ್ನು ಹಗುರವಾಗಿ ತಳ್ಳಿಹಾಕಲು ನನಗೆ ಮನಸ್ಸಿಲ್ಲ.

—

ಸತ್ವಾ_ಸಂಗಾತಿ

ಇದನ್ನು ನಮ್ಮ ನರ್ಸ್ ಅಕ್ಕನಿಗೆ ಓದಿ ಹೇಳಿದೆ. ಅವರು ಕೇಳಿದ್ದು ಒಂದೇ: ಲೋಲಾ ಅವತ್ತು ಅನ್ನ ಯಾವಾಗ ಬರುತ್ತೆ ಅಂತ ಕೇಳಲಿಲ್ವಾ? ಅವರ ಪ್ರಕಾರ ಅನ್ನ ಇಲ್ಲದೆ ಸಾರು ಕೊಟ್ಟರೆ ಹುಳಿ ಎಲ್ಲಿ ನಿಲ್ಲಬೇಕು? ಹುಳಿಯನ್ನು ಜೋರಾಗಿ ಮಾಡುವುದೇ ಅನ್ನಕ್ಕೆ ಸುರಿದಾಗ ಹದಕ್ಕೆ ಬರಲಿ ಅಂತ. ಬರೀ ಸಾರು ಕುಡಿಯಲು ಕೊಡುವವರು ಹುಳಿ ಇಳಿಸಲೇಬೇಕು. ಇಳಿಸಿದ ಮೇಲೆ ಲೋಲಾಗೆ ಸಪ್ಪೆ ಅನ್ನಿಸದೆ ಇನ್ನೇನು?

—

ಕುಡ್ಲ_ಬಾಣಸಿಗ

ಅಬ್ಬಾ, ಇಷ್ಟು ವರ್ಷ ಅಡುಗೆ ಮಾಡಿದ ನಾನೇ ಇದನ್ನು ಹೀಗೆ ಯೋಚಿಸಿರಲಿಲ್ಲ. ಆ ಅಕ್ಕನಿಗೆ ನನ್ನ ನಮಸ್ಕಾರ ಹೇಳಿ. ನೂರಕ್ಕೆ ನೂರು ಸರಿ. ನಾವೂ ಹಡಗಿನಲ್ಲಿ ರುಚಿ ನೋಡಲು ಚಮಚದ ತುದಿ ನಾಲಿಗೆಗೆ ಇಟ್ಟು ಹದ ಹೇಳುತ್ತಿದ್ದೆವು. ಫಿಲಿಪಿನೋ ಹುಡುಗರು ಮಾತ್ರ ಒಂದು ಹಿಡಿ ಅನ್ನ ತಂದು, ಅದರ ಮೇಲೆ ಸಾರು ಹಾಕಿ, ಆಮೇಲೆ ಹೇಳುತ್ತಿದ್ದರು. ಹಸಿವಾಗಿದೆ ಅಂದುಕೊಂಡಿದ್ದೆ.

ಲೋಲಾ ಅವರಿಗೆ ಪಾತಿಸ್ ಕೊಟ್ಟಿದ್ದರೂ ಪೂರ್ತಿ ಸರಿ ಹೋಗುತ್ತಿರಲಿಲ್ಲ ಅಂತ ಈಗ ಅನ್ನಿಸುತ್ತದೆ. ಅವರಿಗೆ ಬೇಕಿದ್ದದ್ದು ಅನ್ನ. ಹೊಸ ಜಾಗಗಳಲ್ಲೂ ಇದನ್ನು ಅರಿತವರು ಇದ್ದಾರೆ ಮೇಡಂ. ಮನಿಲಾದಲ್ಲಿ ಮನಾಮ್‌ಗೆ ಕರೆದುಕೊಂಡು ಹೋಗಿ ನೋಡಿ. ಕಲ್ಲಂಗಡಿ ಹಾಕಿದ ಬೀಫ್ ಸಿನಿಗಾಂಗ್ ಅವರ ಹೆಸರಾದ ಅಡುಗೆ. ಹೊಸತೇ, ಆದರೆ ದೊಡ್ಡ ಬಟ್ಟಲಿನಲ್ಲಿ ನಡುವೆ ಇಡುತ್ತಾರೆ, ಎಲ್ಲರೂ ಹಂಚಿಕೊಂಡು ಅನ್ನಕ್ಕೆ ಹಾಕಿಕೊಳ್ಳಬಹುದು. ಒಂದೊಂದು ಅಡುಗೆಯೂ ಚಿಕ್ಕದು, ಮಧ್ಯಮ, ದೊಡ್ಡದು ಅಂತ ಮೂರು ಅಳತೆಯಲ್ಲಿ ಸಿಗುತ್ತದೆ.

—

ಮಕಾತಿ_ಮಲೆನಾಡತಿ

ಎಲ್ಲರಿಗೂ ಹೇಗೆ ಧನ್ಯವಾದ ಹೇಳಲಿ ಗೊತ್ತಾಗುತ್ತಿಲ್ಲ. ಈ ಭಾನುವಾರ ನಡೆದದ್ದು ಹೇಳುತ್ತೇನೆ.

ನಾನು ಲೋಲಾ ಹತ್ತಿರ ಹೋಗಿ, ಪ್ಯಾಕೆಟ್ ಇಲ್ಲದ ಸಿನಿಗಾಂಗ್ ನನಗೆ ಕಲಿಸಿ ಅಂತ ಕೇಳಿದೆ. ಅವರು ಬಾತಾಂಗಾಸ್ ಕಡೆಯ ಹಳ್ಳಿಯವರು, ಮನೆ ಹಿಂದೆ ಹುಣಸೆ ಮರ ಇತ್ತಂತೆ. ಬೆಳಿಗ್ಗೆ ಆರಕ್ಕೇ ಸಂತೆಗೆ ಹೋದೆವು. ಎಳೆ ಹುಣಸೆಕಾಯಿಯನ್ನು ಉಗುರಿನಿಂದ ಗೀರಿ ನೋಡಿ ಆರಿಸಿದರು. ಸಿಪ್ಪೆ ಒಳಗೆ ಹಸಿರು ಕಾಣಬೇಕು, ಕಂದು ತಿರುಗಿದ್ದರೆ ಸಿಹಿ ಬಂದಿರುತ್ತದೆ ಅಂದರು.

ಮನೆಗೆ ಬಂದು ಅಕ್ಕಿ ತೊಳೆದರು. ಮೊದಲ ನೀರು ಚೆಲ್ಲಿದರು. ಎರಡನೇ ಸಲ ತೊಳೆದ ನೀರನ್ನು ಪಾತ್ರೆಯಲ್ಲಿ ತೆಗೆದಿಟ್ಟರು. ಸಾರಿಗೆ ಅದೇ ನೀರು. ನಮ್ಮೂರಲ್ಲಿ ಅಕ್ಕಚ್ಚು ಅಂತ ದನಕ್ಕೆ ಇಡುತ್ತೇವೆ ಅಂದೆ. "ನಿಮ್ಮ ಹಸುಗಳಿಗೆ ಒಳ್ಳೆಯದು ಗೊತ್ತು" ಅಂದರು. ಹುಣಸೆಕಾಯಿ ಬೇಯಿಸಿ, ಜರಡಿಗೆ ಹಾಕಿ, ಸೌಟಿನ ಹಿಂಬದಿಯಿಂದ ಒತ್ತಿ ಒತ್ತಿ ರಸ ಇಳಿಸಿದರು. ಒಂದು ಕೆಸುವಿನ ಗೆಡ್ಡೆ ಸಾರಿನಲ್ಲೇ ಕರಗುವಷ್ಟು ಬೇಯಿತು, ಅದರಿಂದ ಸಾರು ಸ್ವಲ್ಪ ಮಂದ ಆಯಿತು. ಸಿಗಡಿ ಕೊನೆಗೆ, ಬಣ್ಣ ತಿರುಗುವಷ್ಟು ಹೊತ್ತು ಮಾತ್ರ.

ಆತೆ ಒಂದು ತುತ್ತು ತಿಂದು ಸುಮ್ಮನಾದರು. ಹತ್ತು ಹದಿನೈದು ವರ್ಷ ಆಯ್ತಂತೆ ಆ ರುಚಿ ನೋಡಿ. ಅವರ ಮಗಳಿಗೆ, ಹನ್ನೆರಡು ವರ್ಷದವಳಿಗೆ, ಅಷ್ಟು ಹಿಡಿಸಲಿಲ್ಲ. ಅವಳಿಗೆ ಪ್ಯಾಕೆಟ್ ರುಚಿಯೇ ಮನೆಯ ರುಚಿ. ಲೋಲಾ ಬೇಸರ ಮಾಡಿಕೊಳ್ಳಲಿಲ್ಲ. ಅವಳ ಕಡೆಗೆ ಪಾತಿಸ್ ಬಟ್ಟಲು ಸರಿಸಿ, "ನಿನ್ನ 'ಸರಿ' ನೀನೇ ಮಾಡಿಕೋ" ಅಂದರು. ಅವಳು ಮೂರು ತೊಟ್ಟು ಹಾಕಿಕೊಂಡು, ಕಲಮಾನ್ಸಿ ಹಿಂಡಿ, ಎರಡು ಸಲ ಅನ್ನ ಹಾಕಿಸಿಕೊಂಡಳು.

ಲೋಲಾ ಹತ್ತಿರ ಅವತ್ತಿನ ಹೋಟೆಲ್ ಬಗ್ಗೆ ಕ್ಷಮೆ ಕೇಳಿದೆ. ಅವರು ನನ್ನ ಕೈ ಹಿಡಿದು, ಆ ಕಿನಿಲಾವ್ ಮಾತ್ರ ಮತ್ತೆ ತಿನ್ನಬೇಕು ಅಂದರು! ಮೀನಿಗೆ ಅಷ್ಟು ಚೆನ್ನಾಗಿ ಚಾಕು ಹಾಕಲು ತಮಗೆ ಯಾವತ್ತೂ ಬಂದಿಲ್ಲವಂತೆ.

ಮೈಸೂರಿನವರೇ, ಒಂದು ಸಹಾಯ. ನನ್ನ ಸಹೋದ್ಯೋಗಿ ಮುಂದಿನ ವಾರ ಬಕೋಲೋಡ್‌ನಿಂದ ಬಟುವಾನ್ ತರುತ್ತೇನೆ ಅಂದಿದ್ದಾರೆ. ಅರ್ಧ ಕೆಜಿ ಸಿಗಡಿಗೆ ಎಷ್ಟು ಕಾಯಿ ಹಾಕಲಿ?

—

ಮೈಸೂರು_ಇಲೊಯಿಲೊ

ಐದು ಸಾಕು ಅಂತಾರೆ. ಇಡಿಯಾಗಿ ಹಾಕಿ. ಮೆತ್ತಗಾದ ಮೇಲೆ ಪಾತ್ರೆಯ ಬದಿಗೆ ಒತ್ತಿ ಹಿಸುಕಿ, ರುಚಿ ನೋಡಿ, ಬೇಕಾದರೆ ಆರನೆಯದು. ನಮ್ಮಮ್ಮ ಒಳಗಿನಿಂದ ಕೂಗಿ ಹೇಳುತ್ತಿದ್ದಾರೆ: ಬೀಜ ಎಸೆಯಬೇಡಿ, ಕುಂಡದಲ್ಲಿ ಹಾಕಿ ನೋಡಿ, ಎದ್ದರೂ ಏಳಬಹುದು.